‘ಬೆಳಗ್ಗೆ ನೋಡೋಣ’ ಎನ್ನುವ ಲೆಕ್ಕ: ಹಳ್ಳಿಯವರು ಎಮರ್ಜೆನ್ಸಿಗೆ ಯಾವಾಗ, ಎಲ್ಲಿಗೆ ಹೋಗುತ್ತಾರೆ?

ಏಪ್ರಿಲ್ ತಿಂಗಳ ಒಂದು ರಾತ್ರಿ, ಹನ್ನೊಂದೂವರೆ. ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗುವ ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗಿನ ತೋಟದ ಮನೆ. ದೊಡ್ಡಪ್ಪನಿಗೆ ಎದೆ ಭಾರವಾಗಿ ಬೆವರು ಕಿತ್ತು ಬಂತು. ‘ಗ್ಯಾಸ್ಟ್ರಿಕ್ ಇರ್ಬೇಕು, ಮಧ್ಯಾಹ್ನ ಹಲಸಿನಕಾಯಿ ಹುಳಿ ಜಾಸ್ತಿ ಆಯ್ತು’ ಎಂದರು. ದೊಡ್ಡಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು. ಕಡಿಮೆಯಾಗಲಿಲ್ಲ. ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಹೋಯಿತು. ಪಕ್ಕದ ಮನೆಯಲ್ಲಿ ಕಾರಿತ್ತು, ಆದರೆ ಓಡಿಸುವ ಹುಡುಗ ಆಟ ನೋಡಲು ಹೋಗಿದ್ದ. ನಮ್ಮ ಕಡೆ ಆಟ ಎಂದರೆ ಯಕ್ಷಗಾನ, ಮುಗಿಯುವುದು ಬೆಳಗಿನ ಜಾವ. ಆಟೋದವನ ಫೋನ್ ಸ್ವಿಚ್ ಆಫ್. ಕೊನೆಗೆ ದೊಡ್ಡಪ್ಪನೇ ತೀರ್ಮಾನ ಕೊಟ್ಟರು: ‘ಈಗ ಎಲ್ಲಿಗೆ ಹೋಗೋದು? ಬೆಳಗ್ಗೆ ನೋಡೋಣ.’

ಬೆಳಗ್ಗೆ ಎಂಟಕ್ಕೆ ಇಸಿಜಿ ತೆಗೆದಾಗ ಗೊತ್ತಾಯಿತು, ಅದು ಹಾರ್ಟ್ ಅಟ್ಯಾಕ್. ದೊಡ್ಡಪ್ಪ ಬದುಕಿದ್ದಾರೆ. ಆದರೆ ಮೊದಲಿನಂತೆ ಗುಡ್ಡ ಹತ್ತಲಾರರು.

ಇಂಥ ಕಥೆ ಕೇಳಿದವರು ಸಾಮಾನ್ಯವಾಗಿ ‘ಹಳ್ಳಿ ಜನರಿಗೆ ತಿಳಿವಳಿಕೆ ಕಡಿಮೆ, ಜಾಗೃತಿ ಮೂಡಿಸಬೇಕು’ ಎನ್ನುತ್ತಾರೆ. ಆಸ್ಪತ್ರೆಯ ಒಳಗಿದ್ದವರನ್ನು ಕೇಳಿದರೆ ಉಲ್ಟಾ ದೂರು: ‘ಸುಮ್ನೆ ಜ್ವರ, ಹೊಟ್ಟೆನೋವು ಅಂತ ರಾತ್ರಿ ಎಲ್ಲ ಕ್ಯಾಶುಯಲ್ಟಿಗೆ ಬರ್ತಾರೆ.’ ಬರಬೇಕಾದವರು ಬರುವುದಿಲ್ಲ, ಬರಬಾರದವರು ಬರುತ್ತಾರೆ ಅಂತಾಯಿತು. ಇದರ ಕಾರಣವನ್ನು ಎಲ್ಲರೂ ಜನರ ತಲೆಯೊಳಗೆ ಹುಡುಕುತ್ತಾರೆ. ನನಗನ್ನಿಸುವುದು ಬೇರೆ. ಈ ಎರಡೂ ಒಂದೇ ಲೆಕ್ಕದಿಂದ ಹುಟ್ಟುತ್ತವೆ, ಮತ್ತು ಆ ಲೆಕ್ಕ ಅಷ್ಟೇನೂ ದಡ್ಡತನದ್ದಲ್ಲ. ಮನೆಯವರು ಕೇಳಿಕೊಳ್ಳುವುದು ‘ಇದು ಎಮರ್ಜೆನ್ಸಿಯಾ?’ ಎಂದಲ್ಲ. ‘ಬೆಳಗಿನವರೆಗೆ ತಡೆಯುತ್ತಾ? ಈಗ ಹೊರಟರೆ ಅಲ್ಲಿ ಏನು ಸಿಗುತ್ತದೆ?’ ಎಂದು.

ತಲೆ ಲೆಕ್ಕ, ದಾರಿ ಲೆಕ್ಕ

ಸರ್ಕಾರಿ ಆರೋಗ್ಯ ವ್ಯವಸ್ಥೆ ಜನಸಂಖ್ಯೆಯ ಮೇಲೆ ನಿಂತಿದೆ. 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡಾದರೆ 20,000ಕ್ಕೆ ಒಂದು. 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ, ಗುಡ್ಡಗಾಡಿನಲ್ಲಿ 80,000ಕ್ಕೆ. ಮೇಲೆ ತಾಲ್ಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜು. ಮಂಡ್ಯದಂಥ ಬಯಲು ಜಿಲ್ಲೆಯಲ್ಲಿ ಈ ಲೆಕ್ಕ ಹೆಚ್ಚು ಕಡಿಮೆ ಸರಿಹೋಗುತ್ತದೆ. ಹೊನ್ನಾವರ ಇರುವ ಉತ್ತರ ಕನ್ನಡದಲ್ಲಿ ಸರಿಹೋಗುವುದಿಲ್ಲ. ಹತ್ತು ಸಾವಿರ ಚದರ ಕಿಲೋಮೀಟರ್ ದಾಟುವ ಜಿಲ್ಲೆ. 2011ರ ಜನಗಣತಿ ಪ್ರಕಾರ ಜನಸಂಖ್ಯೆ 14 ಲಕ್ಷ ಚಿಲ್ಲರೆ. ಉಳಿದದ್ದು ಕಾಡು, ಘಟ್ಟ, ಹೊಳೆ. ಜೊಯಿಡಾ ತಾಲ್ಲೂಕಿನಲ್ಲಿ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗುವುದೇ ಒಂದು ಪ್ರಯಾಣ. ಜನ ಕಡಿಮೆ ಇರುವುದರಿಂದ ಆಸ್ಪತ್ರೆ ಕಡಿಮೆ. ಆದರೆ ಹಾವು ಕಚ್ಚಿದರೆ ವಿಷ ಜನಸಂಖ್ಯೆ ನೋಡಿ ಏರುವುದಿಲ್ಲವಲ್ಲ!

ಈ ಜಿಲ್ಲೆಯಲ್ಲಿ ಒಂದು ಮಾತಿದೆ. ‘ಮಣಿಪಾಲಕ್ಕೆ ತಗೊಂಡು ಹೋದ್ರಂತೆ’ ಎಂದರೆ ಸಾಕು, ಕೇಳಿದವರು ಮುಂದೆ ಏನಾಯಿತು ಎನ್ನುವುದಿಲ್ಲ, ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಊರಿನ ಹೆಸರೇ ಕಾಯಿಲೆಯ ತೂಕ ಹೇಳುತ್ತದೆ. ಭಟ್ಕಳ, ಹೊನ್ನಾವರ, ಕುಮಟಾದವರು ದಕ್ಷಿಣಕ್ಕೆ ಮಣಿಪಾಲ, ಮಂಗಳೂರಿಗೆ ಓಡುತ್ತಾರೆ. ಶಿರಸಿ, ಯಲ್ಲಾಪುರ, ಮುಂಡಗೋಡದವರು ಹುಬ್ಬಳ್ಳಿಗೆ. ಕಾರವಾರದವರು ಗಡಿ ದಾಟಿ ಗೋವಾದ ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜಿಗೆ. 2018ರಿಂದ ಅಲ್ಲಿ ಹೊರರಾಜ್ಯದವರಿಗೆ ಶುಲ್ಕ ಬಂತು. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ, ನಿಜ. ಆದರೆ ಕಾರವಾರ ಜಿಲ್ಲೆಯ ಒಂದು ತುದಿ. ಭಟ್ಕಳದವನಿಗೆ ಅದಕ್ಕಿಂತ ಮಣಿಪಾಲವೇ ಹತ್ತಿರ.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ಕುಂದಾಪುರದ ಕಡೆಗೆ ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಮಳೆನೀರಿಗೆ ಜಾರಿ ಟೋಲ್ ಬೂತ್‌ಗೆ ಬಡಿಯಿತು. ರೋಗಿಯೂ ಸೇರಿ ನಾಲ್ವರು ಸತ್ತರು. ಸಿಸಿಟಿವಿಯ ಆ ಕೆಲವು ಸೆಕೆಂಡಿನ ವಿಡಿಯೋ ದೇಶವೆಲ್ಲ ನೋಡಿತು. ಹೊರಗಿನವರು ಅದನ್ನು ರಸ್ತೆ ಅಪಘಾತ ಎಂದುಕೊಂಡರು. ಜಿಲ್ಲೆಯವರಿಗೆ ಅದು ಆಸ್ಪತ್ರೆ ಇಲ್ಲದ ಅಪಘಾತ. 2019ರಲ್ಲಿ ಟ್ವಿಟ್ಟರ್‌ನಲ್ಲಿ ಶುರುವಾಗಿದ್ದ ‘ನಮಗೊಂದು ಎಮರ್ಜೆನ್ಸಿ ಆಸ್ಪತ್ರೆ ಕೊಡಿ’ ಎಂಬ ಕೂಗು ಮತ್ತೆ ಎದ್ದಿತು. ಈ ಸಲ ‘ಆಸ್ಪತ್ರೆ ಇಲ್ಲ ಅಂದ್ರೆ ವೋಟೂ ಇಲ್ಲ’ ಎನ್ನುವ ಮಾತೂ ಸೇರಿತು. ಕೈಗಾ ಅಣುಸ್ಥಾವರಕ್ಕೆ, ಸೀಬರ್ಡ್ ನೌಕಾನೆಲೆಗೆ, ಅಣೆಕಟ್ಟುಗಳಿಗೆ ಜಾಗ ಬಿಟ್ಟುಕೊಟ್ಟ ಜಿಲ್ಲೆಗೆ ಒಂದು ಒಳ್ಳೆಯ ಆಸ್ಪತ್ರೆ ಇಲ್ಲವಾ ಎನ್ನುವುದು ಅಲ್ಲಿನ ಹಳೆಯ ಸಿಟ್ಟು.

ದಾರಿಯ ಲೆಕ್ಕದಲ್ಲಿ ಮಳೆಗಾಲ ಬೇರೆಯೇ ಅಧ್ಯಾಯ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ (ಇದು ಬೇರೆ ಶಿರೂರು) ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತು. ಜಿಲ್ಲೆಯನ್ನು ಉದ್ದಕ್ಕೂ ಹೊಲಿದಿರುವ ರಸ್ತೆ ಅದು. ದಾರಿ ಮುಚ್ಚಲು ಗುಡ್ಡವೇ ಕುಸಿಯಬೇಕೆಂದೂ ಇಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಹೆಸರಲ್ಲಿ ನಮ್ಮ ರಾಜ್ಯವೇ ಕಾಸರಗೋಡಿನ ಗಡಿಗೆ ಮಣ್ಣು ಸುರಿಯಿತು. ಮಂಜೇಶ್ವರದ ಕನ್ನಡಿಗರಿಗೆ, ಮಲಯಾಳಿಗಳಿಗೆ ದೊಡ್ಡಾಸ್ಪತ್ರೆ ಎಂದರೆ ತಲಪಾಡಿ ದಾಟಿ ಮಂಗಳೂರೇ. ಗಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು, ಚಿಕಿತ್ಸೆ ಸಿಗದೆ ಜನ ಸತ್ತರು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು.

ಗಾಡಿ ಯಾವುದು?

2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆರೋಗ್ಯ ಕವಚ ಶುರುವಾದಾಗ ಅದು ನಿಜಕ್ಕೂ ದೊಡ್ಡ ಬದಲಾವಣೆ. ಹೆರಿಗೆ ನೋವು ಬಂದರೆ ಬಾಡಿಗೆ ಜೀಪು ಹುಡುಕಬೇಕಿದ್ದ ಊರುಗಳಿಗೆ ಉಚಿತ ಗಾಡಿ ಬಂತು. ಅದನ್ನು ಸಣ್ಣದು ಮಾಡಿ ಹೇಳುವ ಮನಸ್ಸು ನನಗಿಲ್ಲ. ಆದರೆ ಇಲ್ಲಿಯೂ ಹಂಚಿಕೆ ತಲೆ ಲೆಕ್ಕದ್ದೇ. ಸಾಮಾನ್ಯ ಆಂಬುಲೆನ್ಸ್ ಲಕ್ಷ ಜನಕ್ಕೆ ಒಂದು, ಹೆಚ್ಚಿನ ಸಲಕರಣೆ ಇರುವುದು ಐದು ಲಕ್ಷಕ್ಕೆ ಒಂದು. ಇದ್ದ ಒಂದು ಗಾಡಿ ರೋಗಿಯನ್ನು ಬಿಡಲು ಜಿಲ್ಲಾಸ್ಪತ್ರೆಗೆ ಹೋದರೆ ಮುಂದಿನ ಎರಡು ಮೂರು ಗಂಟೆ ಆ ತಾಲ್ಲೂಕಿನ ಆ ಭಾಗಕ್ಕೆ ಗಾಡಿ ಇಲ್ಲ. ಕರೆ ಮಾಡಲು ಮೊದಲು ಫೋನ್‌ಗೆ ಸಿಗ್ನಲ್ ಬೇಕು. ಘಟ್ಟದ ಮೇಲಿನ ಎಷ್ಟೋ ಮನೆಯವರು ಸಿಗ್ನಲ್‌ಗಾಗಿ ಇವತ್ತಿಗೂ ಗುಡ್ಡದ ತುದಿಗೆ ಹೋಗುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ತೊಂದರೆಯಿಂದ ರಾಜ್ಯಾದ್ಯಂತ 108 ಸಹಾಯವಾಣಿಯೇ ಕೈಕೊಟ್ಟಿತ್ತು. ಸಂಬಳ ಬಾಕಿ ಎಂದು ಸಿಬ್ಬಂದಿ ಮುಷ್ಕರಕ್ಕೆ ಇಳಿಯುವುದೂ ಹೊಸದಲ್ಲ.

ಇನ್ನೊಂದು ವಿಷಯ ಹೊರಗಿನವರ ಗಮನಕ್ಕೆ ಬರುವುದಿಲ್ಲ. 108 ಸಾಮಾನ್ಯವಾಗಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುತ್ತದೆ. ಅದು ಸರಿಯಾದ ನಿಯಮವೇ. ಆದರೆ ಮನೆಯವರು ಮನಸ್ಸಿನಲ್ಲೇ ಎರಡು ಹೆಜ್ಜೆ ಮುಂದೆ ಹೋಗಿರುತ್ತಾರೆ: ‘ಅಲ್ಲಿ ಹೋದ್ರೂ ಮುಂದೆ ಕಳಿಸ್ತಾರೆ. ಸುಮ್ನೆ ಒಂದು ಗಂಟೆ ಹಾಳು.’ ಹಾಗಾಗಿ 108 ಬಿಟ್ಟು ಪರಿಚಯದ ಓಮ್ನಿ ಹಿಡಿಯುತ್ತಾರೆ. ಅದರಲ್ಲಿ ಆಕ್ಸಿಜನ್ ಇಲ್ಲ, ನರ್ಸ್ ಇಲ್ಲ. ಆದರೆ ಡ್ರೈವರ್ ಹೇಳಿದ ಕಡೆಗೆ ಹೋಗುತ್ತಾನೆ. ಅಷ್ಟು ಸಾಕು ಅನಿಸುತ್ತದೆ.

‘ಮುಂದೆ ಹೋಗಿ’

ನನ್ನ ಪ್ರಕಾರ ಇಡೀ ವಿಷಯದ ಗಂಟು ಈ ಎರಡು ಪದಗಳಲ್ಲಿದೆ. ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ನೋಡುತ್ತಾರೆ, ಒಂದು ಇಂಜೆಕ್ಷನ್ ಕೊಡುತ್ತಾರೆ, ಚೀಟಿಯ ಮೇಲೆ ರೆಫರ್ ಎಂದು ಬರೆಯುತ್ತಾರೆ. ಮನೆಯವರು ಬಯ್ಯುತ್ತಾರೆ. ಆದರೆ ಡಾಕ್ಟರ್ ಕುರ್ಚಿಯಲ್ಲಿ ಕೂತು ನೋಡಿ. ರಾತ್ರಿ ಅವರೊಬ್ಬರೇ. ಅರಿವಳಿಕೆ ತಜ್ಞರು ಇಲ್ಲ ಅಥವಾ ವಾರಕ್ಕೆ ಎರಡು ದಿನ. ರಕ್ತ ಬೇಕಾದರೆ ಬೇರೆ ಊರಿಂದ ಬರಬೇಕು. ವೆಂಟಿಲೇಟರ್ ಇದ್ದರೂ ಓಡಿಸಲು ಕೈಯಿಲ್ಲ. ರೋಗಿ ತಮ್ಮ ಎದುರೇ ಸತ್ತರೆ ಹೊರಗೆ ನಿಂತ ನಲವತ್ತು ಜನ ಏನು ಮಾಡುತ್ತಾರೋ ಎಂಬ ಭಯ ಬೇರೆ. ವೈದ್ಯರ ಮೇಲಿನ ಹಲ್ಲೆ ತಡೆಯಲು 2009ರಿಂದಲೇ ರಾಜ್ಯದಲ್ಲಿ ಕಾನೂನಿದೆ. ರಾತ್ರಿ ಎರಡು ಗಂಟೆಗೆ ಕಾನೂನು ಬಾಗಿಲಲ್ಲಿ ನಿಂತಿರುವುದಿಲ್ಲ.

ಹಾವು ಕಡಿತ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿರಬಹುದು ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಹೆಚ್ಚಿನವರು ಹಳ್ಳಿಯವರು. ಎಷ್ಟೋ ಜನ ಆಸ್ಪತ್ರೆ ಮುಟ್ಟುವ ಮೊದಲೇ ಹೋದವರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ವಿಷನಿರೋಧಕ ಔಷಧಿ. ಅದನ್ನು ಕೊಡಲು ದೊಡ್ಡ ಯಂತ್ರ ಬೇಡ. ಕೊಳಕುಮಂಡಲ ಕಚ್ಚಿದೆಯೋ ಎಂಬ ಅನುಮಾನಕ್ಕೆ ಒಂದು ಒಣಗಿದ ಗಾಜಿನ ಟ್ಯೂಬ್ ಸಾಕು. ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದರ್ಥ. ಮೊದಲ ಡೋಸ್ ಸಾಮಾನ್ಯವಾಗಿ ಎಂಟರಿಂದ ಹತ್ತು ವಯಲ್. ಇಷ್ಟು ತಾಲ್ಲೂಕು ಆಸ್ಪತ್ರೆಯಲ್ಲಿ, ಕೆಲವು ಪ್ರಾಥಮಿಕ ಕೇಂದ್ರಗಳಲ್ಲೂ ಆಗಬಹುದು. ಆದರೆ ಆ ಔಷಧಿಯೇ ಕೆಲವರಿಗೆ ಜೋರು ಅಲರ್ಜಿ ತರುತ್ತದೆ, ಬಿಪಿ ಕುಸಿಯುತ್ತದೆ. ಅದನ್ನು ನಿಭಾಯಿಸುವ ಧೈರ್ಯ ಒಬ್ಬಂಟಿ ವೈದ್ಯರಿಗೆ ಬರುವುದಿಲ್ಲ. ಹಾಗಾಗಿ ‘ಮುಂದೆ ಹೋಗಿ’. ಆ ಮುಂದಿನ ಎರಡು ಗಂಟೆ ವಿಷದ ಪಾಲು.

ಹೀಗೆ ಒಮ್ಮೆ ಆದ ಊರಿನಲ್ಲಿ ಮುಂದಿನ ಸಲ ಜನ ಏನು ಮಾಡುತ್ತಾರೆ? ಕೆಲವರು ತಾಲ್ಲೂಕು ಆಸ್ಪತ್ರೆಯನ್ನು ಬಿಟ್ಟು ನೇರ ನೂರು ಕಿಲೋಮೀಟರ್ ಓಡುತ್ತಾರೆ. ಕೆಲವರು ಪಕ್ಕದೂರಿನ ನಾಟಿ ಔಷಧಿಯವರ ಹತ್ತಿರ ಹೋಗುತ್ತಾರೆ. ಎರಡನೆಯದನ್ನು ನಾವು ಮೂಢನಂಬಿಕೆ ಎಂದು ಬಯ್ಯುತ್ತೇವೆ. ನಂಬಿಕೆಯೂ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ನಾಟಿ ಔಷಧಿಯವರ ಬಾಗಿಲು ರಾತ್ರಿಯೂ ತೆರೆಯುತ್ತದೆ, ನಡೆದು ಹೋಗುವಷ್ಟು ಹತ್ತಿರ, ಮತ್ತು ಅವರು ಯಾವತ್ತೂ ‘ಮುಂದೆ ಹೋಗಿ’ ಎನ್ನುವುದಿಲ್ಲ. ಜೀವಕ್ಕೆ ಅಪಾಯ ಇರುವುದೂ ಅಲ್ಲಿಯೇ.

ಕಟ್ಟುಹಾವಿನ ವಿಷಯದಲ್ಲಿ ಇನ್ನೊಂದು ಪೇಚು. ಅದು ಹೆಚ್ಚಾಗಿ ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವು, ಊತ ಅಷ್ಟಾಗಿ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಕಣ್ಣು ಬಿಡಲಾಗದಿರುವುದು. ಮನೆಯಲ್ಲಿ ಮತ್ತೆ ಅದೇ ಮಾತು: ಗ್ಯಾಸ್ಟ್ರಿಕ್. ಈ ಒಂದು ಪದ ಕರ್ನಾಟಕದಲ್ಲಿ ಎಷ್ಟು ಜೀವ ತೆಗೆದಿದೆಯೋ!

2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅದಾದ ಮೇಲೆ ವರದಿಯಾಗುವ ಕಡಿತಗಳು ಏಕಾಏಕಿ ಏರಿದವು. ಹಾವುಗಳು ಜಾಸ್ತಿಯಾದದ್ದಲ್ಲ, ಇಷ್ಟು ದಿನ ಬರೆದಿಟ್ಟುಕೊಂಡಿರಲಿಲ್ಲ ಅಷ್ಟೆ. ಔಷಧಿ ಯಾವ ತಾಲ್ಲೂಕಿಗೆ ಎಷ್ಟು ಬೇಕು ಎಂಬ ಅಂದಾಜು ಇನ್ನಾದರೂ ಸಿಗಬಹುದು.

ಕೂಲಿ, ಕಾರ್ಡ್, ಕರ್ಕೊಂಡು ಹೋಗೋರು

ಈಗ ಡಾಕ್ಟರುಗಳ ದೂರಿಗೆ ಬರೋಣ. ಸಣ್ಣ ಜ್ವರಕ್ಕೂ ರಾತ್ರಿ ಕ್ಯಾಶುಯಲ್ಟಿಗೆ ಬರುವವರು ಯಾರು? ಒಮ್ಮೆ ಯಾವುದಾದರೂ ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಸಂಜೆ ಏಳರಿಂದ ಹತ್ತರವರೆಗೆ ಕೂತು ನೋಡಿ. ಕಾಲಿನ ಕೆಸರು ಒಣಗದೆ ಬಂದವರು, ಮಗುವನ್ನು ಟವೆಲ್‌ನಲ್ಲಿ ಸುತ್ತಿ ತಂದವರು. ಹಗಲಿನ ಒಪಿಡಿ ನಡೆಯುವುದು ಕೂಲಿ ನಡೆಯುವ ಹೊತ್ತಿನಲ್ಲಿ. ಉದ್ಯೋಗ ಖಾತ್ರಿಯ ದಿನಗೂಲಿಯೇ 2025-26ರಲ್ಲಿ 370 ರೂಪಾಯಿ ಇತ್ತು. ಮಗುವಿನ ಜ್ವರಕ್ಕೆ ಹಗಲು ಹೋದರೆ ಅಷ್ಟು ಹೋಯಿತು. ಸಂಜೆ ಊರಿನ ಪ್ರಾಥಮಿಕ ಕೇಂದ್ರದಲ್ಲಿ ವೈದ್ಯರು ಇರುವುದಿಲ್ಲ. ದಿನಗೂಲಿಯವರ ಸಮಯಕ್ಕೆ ಹೊಂದುವ ಏಕೈಕ ಸರ್ಕಾರಿ ಕ್ಲಿನಿಕ್ ಎಂದರೆ ಕ್ಯಾಶುಯಲ್ಟಿ. ಅವರು ಎಮರ್ಜೆನ್ಸಿಯನ್ನು ದುರುಪಯೋಗ ಮಾಡುತ್ತಿಲ್ಲ, ಸಂಜೆಯ ಒಪಿಡಿ ಇಲ್ಲದ ಕೊರತೆಯನ್ನು ತುಂಬಿಕೊಳ್ಳುತ್ತಿದ್ದಾರೆ.

ದುಡ್ಡಿನ ವಿಷಯದಲ್ಲಿ ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ವೆಚ್ಚದ ಶೇ 30, ಒಂದೂವರೆ ಲಕ್ಷದವರೆಗೆ. ಹೆಚ್ಚಿನ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆದರೆ ಸುಮಾರು 170 ತುರ್ತು ಚಿಕಿತ್ಸೆಗಳಿಗೆ ಚೀಟಿ ಇಲ್ಲದೆ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು. ಇದು ಎಷ್ಟು ಜನರಿಗೆ ಗೊತ್ತು? ಅನೇಕರು ಬರೀ ಚೀಟಿಗಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಳಿದು, ಸಹಿ ಹಾಕಿಸಿಕೊಂಡು, ಮತ್ತೆ ಗಾಡಿ ಹತ್ತುತ್ತಾರೆ. ಉಲ್ಟಾ ತಪ್ಪು ಮಾಡುವವರೂ ಇದ್ದಾರೆ. ತುರ್ತು ಪಟ್ಟಿಯಲ್ಲಿ ಇಲ್ಲದ ಕಾಯಿಲೆಗೆ ನೇರ ಹೋಗಿ ಪೂರ್ತಿ ಬಿಲ್ ಕಟ್ಟುತ್ತಾರೆ.

ವಿಷ ಕುಡಿದ ಕೇಸು, ಹೊಡೆದಾಟ, ಅಪಘಾತವಾದರೆ ಇನ್ನೊಂದು ಭಯ: ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕಾದ ಕೇಸು), ಪೊಲೀಸ್. ಅಪಘಾತಕ್ಕೆ ಸಿಕ್ಕವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ ರಕ್ಷಣೆ ಕೊಡುವ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಆದರೂ ಊರಿನ ಮನೆಗಳಲ್ಲಿ ‘ಕೇಸ್ ಆಗುತ್ತೆ’ ಎಂದು ಮೊದಲು ಖಾಸಗಿ ನರ್ಸಿಂಗ್ ಹೋಮ್‌ಗೆ, ಅವರು ಒಲ್ಲೆ ಎಂದ ಮೇಲೆ ಸರ್ಕಾರಿ ಆಸ್ಪತ್ರೆಗೆ. ಕೀಟನಾಶಕದ ವಿಷಕ್ಕೆ ಆ ನಡುವಿನ ಹೊತ್ತೇ ದುಬಾರಿ.

ಇನ್ನು ಜೊತೆಗೆ ಯಾರು ಎನ್ನುವ ಪ್ರಶ್ನೆ. ಶಿರಸಿ, ಸಿದ್ದಾಪುರದ ಅಡಿಕೆ ತೋಟದ ಊರುಗಳಲ್ಲಿ ಮನೆಗೆ ಇಬ್ಬರೇ, ಇಬ್ಬರಿಗೂ ಎಪ್ಪತ್ತರ ಮೇಲೆ. ಮಕ್ಕಳು ಬೆಂಗಳೂರಿನಲ್ಲಿ, ಕೆಲವರು ಅಮೆರಿಕದಲ್ಲಿ. ಅಲ್ಲಿ ಆಸ್ಪತ್ರೆಯ ತೀರ್ಮಾನ ಆಗುವುದು ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿ. ಮಗ ಮೊದಲು ನೋಡುವುದು ಕಂಪನಿಯ ಇನ್ಶೂರೆನ್ಸ್ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು. ಹತ್ತಿರದ್ದಲ್ಲ, ಪಟ್ಟಿಯಲ್ಲಿರುವುದು. ಹೆಂಗಸರ ಕಥೆ ಇನ್ನೂ ಬೇರೆ. ಗಂಡನಿಗೆ ಎದೆನೋವು ಬಂದರೆ ಊರೇ ಸೇರುತ್ತದೆ. ಹೆಂಡತಿಗೆ ಬಂದರೆ ಅವಳು ಹಸು ಕರೆದು, ಅಡಿಕೆ ಕೊನೆ ಕೊಯ್ಲಿನವರಿಗೆ ತಿಂಡಿ ಮಾಡಿ, ಆಮೇಲೆ ಹೇಳುತ್ತಾಳೆ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ತಾವೇ ಬಸ್ ಹತ್ತಿ ಜಿಲ್ಲಾಸ್ಪತ್ರೆಗೆ ಹೋಗುವುದನ್ನು ನಾನು ಕಂಡಿದ್ದೇನೆ. ಆದರೆ ರಾತ್ರಿ ಬಸ್ಸಿಲ್ಲ.

ಭಯವೂ ಜನರನ್ನು ಆಸ್ಪತ್ರೆಗೆ ತಳ್ಳುತ್ತದೆ. 2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವು ಎಂಬ ಸುದ್ದಿ ಹಬ್ಬಿತು. ಟಿವಿಗಳಲ್ಲಿ ದಿನಕ್ಕೊಂದು ಅಂಕಿ. ಜುಲೈ ಹೊತ್ತಿಗೆ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಸಾಲು. ಆಸ್ಪತ್ರೆಯವರೇ ‘ಗಾಬರಿಪಟ್ಟು ಬರಬೇಡಿ’ ಎಂದು ಕೇಳಿಕೊಂಡರು. ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿ, ಹಿಂದಿಗೆ ಹೋಲಿಸಿದರೆ ಅಸಹಜ ಏರಿಕೆ ಕಾಣುವುದಿಲ್ಲ ಎಂದಿತು. ಆ ಸಾಲನ್ನು ನೋಡಿ ನಕ್ಕವರಿದ್ದರು. ನನಗೆ ಕಂಡದ್ದು ಇಷ್ಟು: ತಮ್ಮೂರಿನಲ್ಲೇ ಒಂದು ಇಸಿಜಿ ತೆಗೆದು ‘ಏನೂ ಇಲ್ಲ, ಹೋಗಿ ಮಲಗಿ’ ಎಂದು ನಂಬಿಸಿ ಹೇಳುವವರಿದ್ದರೆ ಮೈಸೂರಿಗೆ ಅಷ್ಟು ಜನ ಹೋಗುತ್ತಿರಲಿಲ್ಲ.

ಬಾಗಿಲಲ್ಲಿ ಏನು ಸಿಗುತ್ತದೆ?

ಅದಕ್ಕೇ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನನಗೆ ಕಟ್ಟಡ ಉದ್ಘಾಟನೆಗಳಿಗಿಂತ ಮುಖ್ಯ ಅನಿಸುತ್ತದೆ. 2023ರಲ್ಲಿ ಘೋಷಣೆಯಾದ ಇದರ ಉಪಾಯ ಸರಳ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ. ಅದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ರಕ್ತನಾಳ ಮುಚ್ಚಿದೆ ಎಂದು ಅವರು ಹೇಳಿದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ, ಉಚಿತವಾಗಿ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಮೊದಲ ಮೂರು ಗಂಟೆಯೊಳಗೆ ಕೊಟ್ಟರೆ ಲಾಭ ಜಾಸ್ತಿ. ಹನ್ನೆರಡು ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಇಂಜೆಕ್ಷನ್ ಆದ ಮೇಲೆ ‘ಮುಂದೆ ಹೋಗಿ’ ಎಂದರೂ ಆ ಮಾತಿನ ಅರ್ಥವೇ ಬೇರೆ. ಒಂಟಿ ಡಾಕ್ಟರ್ ಬೆನ್ನಿಗೆ ಫೋನ್‌ನ ಆ ಕಡೆ ಒಬ್ಬರು ನಿಂತಿರುತ್ತಾರೆ.

ಹಾವು ಕಡಿತಕ್ಕೆ, ವಿಷಕ್ಕೆ, ತಲೆಗೆ ಬಿದ್ದ ಏಟಿಗೆ ಇಂಥದ್ದೇ ಬೆನ್ನಾಸರೆ ಯಾಕಾಗಬಾರದು? ಹೊಸ ಸೂಪರ್ ಸ್ಪೆಷಾಲಿಟಿ ಕಟ್ಟಡಕ್ಕೆ ವರ್ಷಗಳು ಬೇಕು. ಆಮೇಲೆ ವೈದ್ಯರನ್ನು ತರಲು ಇನ್ನಷ್ಟು ವರ್ಷ. ಉತ್ತರ ಕನ್ನಡಕ್ಕೆ ಅದು ಬೇಡ ಎನ್ನುತ್ತಿಲ್ಲ, ಬೇಕೇ ಬೇಕು. ಆದರೆ ಅದು ಬರುವವರೆಗೆ ಜನರಿಗೆ ಬೇಕಿರುವುದು ಖಾತ್ರಿ. ಇವತ್ತು ರಾತ್ರಿ ಈ ತಾಲ್ಲೂಕಿನಲ್ಲಿ ಯಾವ ಬಾಗಿಲಿಗೆ ಹೋದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ. ಆಸ್ಪತ್ರೆಗಳ ಹೊರಗೆ ವೈದ್ಯರ ಹೆಸರಿನ ಬೋರ್ಡ್ ಇರುತ್ತದೆ, ಎಷ್ಟೋ ಸಲ ವರ್ಗವಾಗಿ ಹೋದವರದ್ದು. ಇವತ್ತು ರಾತ್ರಿ ಯಾರಿದ್ದಾರೆ, ವಿಷನಿರೋಧಕ ಎಷ್ಟು ವಯಲ್ ಇದೆ ಎಂದು ಬರೆದ ಬೋರ್ಡ್ ನಾನಂತೂ ಎಲ್ಲೂ ನೋಡಿಲ್ಲ. ಆಶಾ ಕಾರ್ಯಕರ್ತೆಯ ಫೋನ್‌ಗೆ ಸಂಜೆ ಒಂದು ಮೆಸೇಜ್ ಬಂದರೂ ಸಾಕಿತ್ತು. ಊರವರು ಹೇಗೂ ಮೊದಲು ಕೇಳುವುದು ಅವರನ್ನೇ.

ಹೋದ ತಿಂಗಳು ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಮೇಲೆ ದೊಡ್ಡಮ್ಮ ಕೆಂಪು ಪೆನ್ನಿನಲ್ಲಿ ಮೂರು ನಂಬರ್ ದಪ್ಪಗೆ ಬರೆದಿಟ್ಟಿದ್ದಾರೆ. ಮೊದಲನೆಯದು ಪಕ್ಕದ ಮನೆಯ ಹುಡುಗನದ್ದು. ಎರಡನೆಯದು ಆಟೋದವನ ಹೆಂಡತಿಯದ್ದು, ಯಾಕೆಂದರೆ ಅವಳು ಫೋನ್ ಸ್ವಿಚ್ ಆಫ್ ಮಾಡುವುದಿಲ್ಲ. ಮೂರನೆಯದು 108. ಅದ್ಯಾಕೆ ಕೊನೆಗೆ ಎಂದು ಕೇಳಿದೆ.

‘ಬರ್ತದೆ ತಮಾ’ ಎಂದರು ದೊಡ್ಡಮ್ಮ. ‘ಎಷ್ಟೊತ್ತಿಗೆ ಅಂತ ಮಾತ್ರ ಹೇಳೂಕಾಗೂದಿಲ್ಲ.’